ಗಿಟಾರಿಗೆ ಕಿಟಕಿ ಪಕ್ಕದ ಸೀಟು

ಗಿಟಾರನ್ನು ಕಿಟಕಿ ಪಕ್ಕ ಕೂರಿಸಿ ಬೆಲ್ಟ್ ಹಾಕಿ, ಅದನ್ನು ಬಾರಿಸುವ ನನ್ನನ್ನು ಹಿಂದೆ ಸ್ಟೆಪ್ನಿಯ ಜೊತೆ ಕೂರಿಸಿದ ಮಹಾನುಭಾವರು ಯಾರು ಗೊತ್ತೆ? ನನ್ನ ಖಾಸಾ ಮಾವನವರು, ಅಂದರೆ ಗಂಡನ ತಂದೆ!

ಜೀವಮಾನವೆಲ್ಲ ಬಸ್ ಕಂಡಕ್ಟರಾಗಿದ್ದವರು. ಈಗ ನಿವೃತ್ತರಾಗಿ ಪಕ್ಕದ ಹಳ್ಳಿ ತಂಬೂರಿನಲ್ಲಿ ಹೊಲ ನೋಡಿಕೊಂಡಿದ್ದಾರೆ. ಆದರೆ ನಿವೃತ್ತರಾದ ಸುದ್ದಿ ಅವರಿಗಿನ್ನೂ ಪೂರ್ತಿ ತಲುಪಿಲ್ಲ. ಊಟಕ್ಕೆ ಬಡಿಸುವಾಗ 'ಸಾಕು' ಎನ್ನುವುದಿಲ್ಲ, 'ಹೋಲ್ಡಾನ್' ಎನ್ನುತ್ತಾರೆ! ನಾನು ಕಲಘಟಗಿಯ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಮದುವೆಯಾಗಿ ಬರುವಾಗಲೇ ಗಿಟಾರ್ ತಂದಿದ್ದೆ. ಆರು ವರ್ಷದಲ್ಲಿ ಮಾವ ಅದರ ಬಗ್ಗೆ ಆಡಿದ್ದು ಒಂದೇ ಮಾತು: "ತೂತು ದೊಡ್ಡದೈತಿ, ಇಲಿ ಹೊಕ್ಕಾವು ನೋಡವಾ."

ಅಂಥವರು, ನನಗೂ ಗೆಳತಿ ರೇಣುಕಾಳಿಗೂ ಮಂಗಳೂರಿನ ಶಿಕ್ಷಕರ ಸಂಗೀತ ಸ್ಪರ್ಧೆಗೆ ಕರೆ ಬಂದಾಗ ಇದ್ದಕ್ಕಿದ್ದಂತೆ ಎದ್ದು ನಿಂತರು. ಎರಡು ಗಿಟಾರು, ಒಂದು ಆಂಪ್ಲಿಫೈಯರ್, ಬಾಡಿಗೆ ಜೀಪು. ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ.

"ನಾನೂ ಬರಾಂವ. ಅಷ್ಟು ದೂರ ಈ ಸಾಮಾನು ನೆಟ್ಟಗ ಮುಟ್ಟಬೇಕಂದ್ರ ತಿಳದಾಂವ ಒಬ್ಬಾಂವ ಸಂಗಾಟ ಬೇಕು."

ಗಿಟಾರಿನ ಬಗ್ಗೆ ಇವರಿಗೆ ತಿಳಿದದ್ದೇನು? ಇಲಿ!

ಹೊರಡುವ ಮುಂಜಾನೆ ಡ್ರೈವರ್ ಪಾಪ ಒಂದು ಸಲಹೆ ಕೊಟ್ಟ. "ಮ್ಯಾಲೆ ಕ್ಯಾರಿಯರಿಗೆ ಕಟ್ಟಿಬಿಡೂಣ್ರಿ, ಅಗದಿ ಆರಾಮ ಹೋಗ್ತಾವ."

"ಮೊದ್ಲ ನೀ ಹತ್ತಿ ಮಲಕ್ಕೊಲೇ," ಎಂದರು ಮಾವ. "ನಿನ್ನ ಕಟ್ಟಿ ಯಲ್ಲಾಪುರ ತನಕ ಒಯ್ದು ನೋಡೂಣು. ನೀ ಆರಾಮ ಇದ್ರ ಆಮ್ಯಾಲೆ ಅದನ್ನ ಕಟ್ಟೂಣು."

ಡ್ರೈವರ್ ಮತ್ತೆ ಬಾಯಿ ತೆರೆದದ್ದು ಚಹಾ ಕುಡಿಯಲಿಕ್ಕೆ.

ತಂತಿಗಳನ್ನು ಸ್ವಲ್ಪ ಸಡಿಲಿಸಬೇಕು, ಕತ್ತಿನ ಕೆಳಗೆ ಮೆತ್ತನೆಯದು ಇಡಬೇಕು, ಮೇಲೆ ಭಾರ ಹೇರಬಾರದು ಎಂದು ನಾನು ಹೇಳಿದ್ದೇ ತಪ್ಪಾಯಿತು. ಮನೆಯಲ್ಲಿದ್ದ ಐದೂ ಕೌದಿ ಜೀಪಿಗೆ ಬಂದವು. ಮನೆಯಲ್ಲೇ ಉಳಿದ ನನ್ನ ಗಂಡನಿಗೆ ಹೊದೆಯಲು ಸಿಕ್ಕಿದ್ದು ಒಂದು ಟವೆಲ್! ಮಾವ ಆಂಪ್ಲಿಫೈಯರನ್ನು ಕೆಳಗಿಟ್ಟು, ಅದರ ಮುಖ ಸೀಟಿನ ಕಡೆ ತಿರುಗಿಸಿ, ಸುತ್ತ ದಿಂಬು ತುರುಕಿ, ತಮ್ಮ ಕಾಲನ್ನೇ ಅದಕ್ಕೆ ಆನಿಸಿ ಕೂತರು.

ದಾರಿಯಲ್ಲಿ ಪ್ರತಿ ರೋಡ್ ಹಂಪ್‌ಗೂ "ಹೋಲ್ಡಾನ್!" ಜೀಪು ನಿಲ್ಲಬೇಕು. ಮಾವ ಇಳಿದು ಹಂಪಿನ ಎತ್ತರ ನೋಡಿ, "ಬರ್ಲಿ, ಬರ್ಲಿ, ರೈಟ್!" ಎಂದು ದಾಟಿಸಬೇಕು. ಕಲಘಟಗಿ ಬಿಡುವಷ್ಟರಲ್ಲಿ ಕಬ್ಬು ಹೇರಿದ ಚಕ್ಕಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಎತ್ತುಗಳೂ ತಿರುಗಿ ನೋಡಿದವು!

ಯಲ್ಲಾಪುರದಲ್ಲಿ ಊಟಕ್ಕೆ ನಿಂತೆವು. ಮುಚ್ಚಿದ ಜೀಪಿನಲ್ಲಿ ಬಿಸಿಲಿಗೆ ಗಿಟಾರಿನ ಕಟ್ಟಿಗೆ ಬಾಗುತ್ತದೆ ಎಂದು ರೇಣುಕಾ ಬಾಯಿ ತಪ್ಪಿ ಹೇಳಿದಳು. ಮುಗಿಯಿತು! ಎರಡೂ ಗಿಟಾರು ಕೌದಿ ಹೊದ್ದು ಖಾನಾವಳಿಗೆ ಬಂದು ಕುರ್ಚಿಯ ಮೇಲೆ ಕೂತವು. ಬಡಿಸುವವನು ಅವುಗಳ ಮುಂದೂ ತಟ್ಟೆ ಇಟ್ಟು, ಅನುಮಾನದಿಂದ ಕೇಳಿದ: "ಇವ್ರಿಗೇನು ಕೊಡ್ಲಿ?"

"ಅವ್ರದು ಉಪಾಸ," ಎಂದರು ಮಾವ, ತಲೆ ಎತ್ತದೆ.

ಘಟ್ಟ ಇಳಿಯುವಾಗ ಮಾತ್ರ ನಗು ನಿಂತಿತು. ತಿರುವಿನಲ್ಲಿ ಆಕಳೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಆಂಪ್ಲಿಫೈಯರ್ ಜಾರಿ ಬಂದು ಮಾವನ ಮೊಣಕಾಲಿಗೆ ಬಡಿಯಿತು. ಅವರು ಎರಡೂ ಕೈಯಿಂದ ಗಿಟಾರುಗಳನ್ನು ಅಪ್ಪಿ ಹಿಡಿದಿದ್ದರು. ಧೋತರದ ಮೇಲೆ ರಕ್ತ ಕಂಡಿತು.

"ಮಾವಾರ, ಪೆಟ್ಟು ಜೋರ ಆತೇನ್ರಿ?"

"ನಂದಿರಲಿ. ಮೊದ್ಲ ಅವನ್ನ ತಗದು ಬಾರಿಸಿ ನೋಡು."

ಘಟ್ಟದ ಅಂಚಿನಲ್ಲಿ ನಿಂತು ಬಾರಿಸಿದೆವು. ಆಂಪ್ಲಿಫೈಯರಿನ ಒಂದು ಮೂಲೆ ಬಿಟ್ಟರೆ ಎಲ್ಲ ಸರಿ ಇತ್ತು. ಆಮೇಲೆ ಅವರು ಕಾಲಿಗೆ ಅರಿವೆ ಕಟ್ಟಲು ಬಿಟ್ಟರು.

ಮರುದಿನ ಮುಂಜಾನೆ ಸ್ಪರ್ಧೆಯ ಸಭಾಭವನದಲ್ಲಿ, ನಮ್ಮ ಸರದಿಗೆ ಸ್ವಲ್ಪ ಮೊದಲು ಅವರು ಕಾಣಲಿಲ್ಲ. ಹುಡುಕುತ್ತಾ ಹೋದರೆ ಹಿಂದಿನ ಜಗುಲಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಆ ಕಡೆ ಶಲವಡಿಯಲ್ಲಿರುವ ಅವರ ಅಕ್ಕ. ಮಾವನ ದನಿ ಬಸ್ಸಿನ ಕೊನೇ ಸೀಟಿಗೂ ಕೇಳುವಂಥದ್ದು. ನಾನು ಕಂಬದ ಈಚೆಯೇ ನಿಂತೆ.

"ಅಕ್ಕಾ, ಎಷ್ಟ ಸಲ ಹೇಳ್ಲಿ? ಸೊಸಿನ್ನ ಮಂದಿ ಮುಂದ ಬಾರಸಾಕ ಕಳಸಬ್ಯಾಡ ಅಂದಿ, ನಾ ಕೇಳ್ಲಿಲ್ಲ. ಹಂಗಾದ್ರ ಹಿಂದ ಹೋಗಿ ಕಾಯಿ ಅಂದಿ. ಆಕಿನ್ನ ಕಾಯೂದೇನೈತಿ? ಆಕಿಗೆ ಕಾವಲು ಬೇಕಾಗಿಲ್ಲ. ನಾ ಸಾಮಾನು ಕಾಯಾಕ ಬಂದೇನಿ, ಅಷ್ಟ. ಕೇಳಿದವ್ರಿಗೆ ಮಾವ ಸಂಗಾಟ ಅದಾನ ಅಂತ ಹೇಳು, ಅವ್ರ ಬಾಯಿ ಮುಚ್ಚತಾವ."

ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. ಆಮೇಲೆ, ಅವರ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

"ನೀ ಹಿಂಗ ಅಂದಿ ಅಂತ ಆಕಿಗೆ ಮಾತ್ರ ತಿಳೀಬಾರ್ದು. ತಿಳದ್ರ, ಬಾರಸೂ ಮುಂದ ಆಕಿ ಕೈ ನಡಗತಾವ."

ನಾನು ಸದ್ದಾಗದಂತೆ ಹಿಂದೆ ಬಂದೆ. ಕಣ್ಣೊರೆಸಿಕೊಂಡೆ. ಆಂಪ್ಲಿಫೈಯರ್ ಪಕ್ಕದಲ್ಲೇ ಇತ್ತು, ನಾನೂ ರೇಣುಕಾಳೂ ಹಿಡಿದರೆ ಸಲೀಸಾಗಿ ವೇದಿಕೆ ಏರುತ್ತಿತ್ತು. ಆದರೂ ಗಟ್ಟಿಯಾಗಿ ಕೂಗಿದೆ:

"ಮಾವಾರ, ಇದನ್ನ ಎತ್ತಾಕ ನಮ್ಮ ಕೈಲೆ ಆಗವಲ್ದು, ಲಗೂ ಬರ್ರಿ!"

"ಮುಟ್ಟಬ್ಯಾಡ್ರಿ! ಬಂದೆ, ಬಂದೆ!"

ಕುಂಟುತ್ತಾ ಓಡಿ ಬಂದರು.