ಬೆಂಡೆಕಾಯಿಗೆ ನಾನು ಮಾಡಿದ ಸೇವೆ

ರಾಣೆಬೆನ್ನೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಆಯಾ. ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಶಾಲೆಗೆ ಎರಡು ವರ್ಷ ಹೋದೆ, ಎರಡೂ ವರ್ಷ ಒಂದನೇ ಇಯತ್ತೆಯಲ್ಲೇ ಕುಳಿತೆ. ನೀರು ಎರೆಯುವವಳಿಗೆ ಓದು ಬರುತ್ತದೆಯೇ ಎಂದು ಇಲ್ಲಿಯವರೆಗೆ ಯಾವ ಕೂಸೂ ಕೇಳಿಲ್ಲ.

ನಮ್ಮದು ಪಾಳಿಯ ಕೆಲಸ. ಒಂದು ಪಾಳಿ ಹಗಲು, ಮುಂದಿನದು ರಾತ್ರಿ. ಪಾಳಿ ಬದಲಾಗುವಾಗ ನಡುವೆ ಎರಡು ದಿನ ರಜೆ. ಆ ಎರಡು ದಿನ ನಾನು ಏನು ಮಾಡುತ್ತಿದ್ದೆ? ನೆಲ ಒರೆಸುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಒಬ್ಬರಿಗೆ ಹೊತ್ತುಹೊತ್ತಿಗೆ ಊಟ ಕೊಡುತ್ತಿದ್ದೆ. ಅಂದರೆ ಉಳಿದ ದಿನ ಪಗಾರ ತೆಗೆದುಕೊಂಡು ಮಾಡುವ ಕೆಲಸವನ್ನೇ ರಜೆಯ ದಿನ ಪುಕ್ಕಟೆ ಮಾಡುತ್ತಿದ್ದೆ. ಇದು ನನ್ನ ತಲೆಗೆ ಹೊಳೆಯಲು ಹದಿನೇಳು ವರ್ಷ ಬೇಕಾಯಿತು. ಹೊಳೆದ ದಿನವೇ, ಇನ್ನು ಮೇಲೆ ರಜೆಯಲ್ಲೂ ಹೊರಗೆ ದುಡಿದು ನಾಲ್ಕು ಕಾಸು ಮಾಡಿಕೊಳ್ಳುವುದೆಂದು ನಿಶ್ಚಯಿಸಿದೆ.

ನಮ್ಮ ಮನೆಯವರಿಗೆ ಹೇಳಿದೆ. ಅವರು ಸೈಕಲ್ ರಿಪೇರಿ ಅಂಗಡಿ ಮುಚ್ಚಿ ಐದು ವರ್ಷವಾಯಿತು. ಈಗ ಕಟ್ಟೆಯ ಮೇಲೆ ಕುಳಿತು ಓಣಿಯವರನ್ನು ರಿಪೇರಿ ಮಾಡುತ್ತಾರೆ.

“ನಿನಗ ರಜಾ ಯಾಕ ಕೊಡ್ತಾರ ಗೊತ್ತೈತೇನು?” ಎಂದರು. “ನಿನಗ ದಣಿವಾಗೈತಿ ಅಂತ ಅಲ್ಲ. ಆಸ್ಪತ್ರಿಗೆ ದಣಿವಾಗಿರ್ತೈತಿ.”

ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ. ನಲವತ್ತು ವರ್ಷದಿಂದ ಕೊಟ್ಟಿಲ್ಲ, ಈಗ ಹೊಸದಾಗಿ ಏಕೆ ಶುರು ಮಾಡಲಿ.

ಮೊದಲು ಹೋದದ್ದು ಬ್ಯಾಡಗಿಗೆ. ಮೆಣಸಿನಕಾಯಿಯ ಕಾಲ ಅದು. ಅಲ್ಲಿ ಗೋದಾಮುಗಳಲ್ಲಿ ಹೆಂಗಸರು ಒಣ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುತ್ತಾರೆ. ಕುಳಿತು ಮಾಡುವ ಕೆಲಸ, ಮಾತಾಡಲು ಜನ, ಮೇಲೆ ಕೂಲಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಎಂಟು ತಾಸು ಅದರ ಮುಂದೆ ಕುಳಿತವರಲ್ಲ. ನಾನು ಎರಡು ದಿನ ಕುಳಿತೆ. ಮೂರನೆಯ ದಿನ ಬೆಳಿಗ್ಗೆ ಜಳಕ ಮಾಡಿ, ಸೀರೆ ಬದಲಿಸಿ ಡ್ಯೂಟಿಗೆ ಹೋದೆ. ಸ್ವೆಟರ್ ಬದಲಿಸಲಿಲ್ಲ.

ವಾರ್ಡಿನಲ್ಲಿ ಐದು ಜನ ಆಪರೇಷನ್ ಆದ ಬಾಣಂತಿಯರಿದ್ದರು. ಸೆಕೆ ಎನಿಸಿ, ಸ್ವೆಟರ್ ತೆಗೆದು ಒಂದು ಸಲ ಝಾಡಿಸಿ ಕಿಟಕಿಗೆ ಹಾಕಿದೆ. ಮೊದಲು ಒಬ್ಬ ಅಜ್ಜಿ ಸೀನಿದಳು. ಆಮೇಲೆ ಒಬ್ಬ ಬಾಣಂತಿ. ಆಮೇಲೆ ಸಾಲಾಗಿ ಎಲ್ಲರೂ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಸೀನುವ ಬಾಣಂತಿಯ ಮುಖವನ್ನು ನೀವು ನೋಡಿರಲಿಕ್ಕಿಲ್ಲ. ನಾನು ಐದು ನೋಡಿದೆ. ಐದೂ ನನ್ನ ಕಡೆಗೇ ತಿರುಗಿದ್ದವು.

ದೊಡ್ಡ ಸಿಸ್ಟರ್ ಮೂಗಿಗೆ ಸೆರಗು ಹಿಡಿದುಕೊಂಡು ಸ್ವೆಟರಿನವರೆಗೆ ಬಂದರು. ರಜೆಯಲ್ಲಿ ಎಲ್ಲಿಗಾದರೂ ಹೋಗು, ಆದರೆ ಬರುವಾಗ ಬ್ಯಾಡಗಿಯನ್ನು ವಾರ್ಡಿಗೆ ತರಬೇಡ ಎಂದರು. ಅಲ್ಲಿಗೆ ಮೆಣಸಿನಕಾಯಿಯ ಋಣ ತೀರಿತು.

ಖಾರವಿಲ್ಲದ ಕೆಲಸ ಹುಡುಕುವಷ್ಟರಲ್ಲಿ ಮಳೆಗಾಲ ಬಂತು. ಆಗ ಶಾಂತವ್ವನ ನೆನಪಾಯಿತು.

ಶಾಂತವ್ವ ನನ್ನ ನೆಗೆಣ್ಣಿ, ನಮ್ಮ ಮೈದುನನ ಹೆಂಡತಿ. ಹಾವೇರಿ ದಾರಿಗೆ ಅರ್ಧ ತಾಸು ಬಸ್ಸಿನಲ್ಲಿ ಹೋದರೆ ಅವರ ಊರು. ನಮ್ಮ ಕಡೆ ಬೀಜದ ಕಂಪನಿಗಳು ರೈತರ ಹೊಲದಲ್ಲಿ ಹೈಬ್ರಿಡ್ ಬೀಜ ಬೆಳೆಸುತ್ತವೆ. ಅಂಥ ಹೊಲಕ್ಕೆ ಪ್ಲಾಟು ಎನ್ನುತ್ತಾರೆ. ಶಾಂತವ್ವ ಹತ್ತು ವರ್ಷ ಬೇರೆಯವರ ಪ್ಲಾಟಿನಲ್ಲಿ ಕೂಲಿಗೆ ಹೋದವಳು. ಈ ಸಲ ಮೊದಲ ಬಾರಿಗೆ ಅವಳ ಹೆಸರಿಗೇ ಅರ್ಧ ಎಕರೆ ಬೆಂಡೆಯ ಪ್ಲಾಟು ಸಿಕ್ಕಿತ್ತು. ಕಂಪನಿಯ ಕಾಗದದಲ್ಲಿ ಗಂಡನ ಹೆಸರಿಲ್ಲ, ಅವಳದೇ ಇತ್ತು. ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಳು. ಬೀಜ ಕಂಪನಿಯ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷವೂ ಪ್ಲಾಟು. ಫೇಲಾದರೆ ಮತ್ತೆ ಕೂಲಿ. ಕ್ರಾಸಿಂಗ್ ಕೆಲಸಕ್ಕೆ ಆಳು ಸಾಲುತ್ತಿರಲಿಲ್ಲ. ನಾನು ಬರುತ್ತೇನೆ ಎಂದಾಗ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಪಾಪ.

ಕ್ರಾಸಿಂಗ್ ಎಂದರೆ ಹೀಗೆ. ಮರುದಿನ ಅರಳುವ ಮೊಗ್ಗನ್ನು ಸಂಜೆ ಬಿಡಿಸಿ, ಒಳಗಿನ ಗಂಡು ಭಾಗವನ್ನು ಉಗುರಿನಿಂದ ಸುಲಿದು, ನಡುವಿನ ಕಡ್ಡಿಯನ್ನು ಮಾತ್ರ ಉಳಿಸಿ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಬೇರೆ ಸಾಲಿನ ಹೂವು ತಂದು ಅದರ ಪುಡಿಯನ್ನು ಈ ಕಡ್ಡಿಗೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಹೂವಿನ ಹೆರಿಗೆ ಕೆಲಸ. ಇದರಲ್ಲಿ ನನಗಿಂತ ಅನುಭವ ಯಾರಿಗಿದೆ?

ಮೊದಲ ಸಂಜೆ ಇಪ್ಪತ್ತು ಮೊಗ್ಗು ಸುಲಿದೆ. ಹದಿನೇಳರಲ್ಲಿ ಕಡ್ಡಿಯೂ ಮುರಿದಿತ್ತು. ಪಕ್ಕದ ಸಾಲಿನ ರೇಣವ್ವ ನನ್ನ ಮೊಗ್ಗುಗಳನ್ನು ನೋಡಿ, “ಆಯಾಬಾಯಿ, ಹೊಕ್ಕಳದ ಜೋಡಿ ಕೂಸನ್ನೂ ತಗದ್ರಲ್ರಿ” ಎಂದಳು. ಹೆಂಗಸರೆಲ್ಲ ನಕ್ಕರು. ನಾನು ಕನ್ನಡಕದ ಮೇಲೆ ತಪ್ಪು ಹಾಕಿದೆ.

ಆದ್ದರಿಂದ ಶಾಂತವ್ವ ನನಗೆ ಬೆಳಗಿನ ದಾರ ಕಟ್ಟುವ ಕೆಲಸ ಕೊಟ್ಟಳು. ಅದರಲ್ಲಿ ನಾನು ಎಲ್ಲರನ್ನೂ ಹಿಂದೆ ಹಾಕಿದೆ. ನನ್ನ ಗಂಟು ಬಿಚ್ಚುತ್ತಿರಲಿಲ್ಲ, ಎಳೆ ತೊಟ್ಟಿಗೆ ನೋವಾಗುತ್ತಿರಲಿಲ್ಲ. ದಾರ ಏಕೆ ಕಟ್ಟುತ್ತಾರೆ ಎಂದು ಮಾತ್ರ ನಾನು ಕೇಳಲಿಲ್ಲ. ಹುಟ್ಟಿದ ಕೂಸಿನ ಹೊಕ್ಕುಳಿಗೆ ಕಟ್ಟುವುದಿಲ್ಲವೇ, ಇದೂ ಅಂಥದ್ದೇ ಎಂದುಕೊಂಡೆ. ಗೊತ್ತಿದ್ದವಳಂತೆ ಇರುವವಳನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಮೂರು ರಜೆ ಹೀಗೆ ಕಳೆದವು. ಕೂಲಿಯೂ ಬಂತು, ಮರ್ಯಾದೆಯೂ ಬಂತು. ಸಾಕಿತ್ತು.

ನಾಲ್ಕನೆಯ ರಜೆಯಲ್ಲಿ ಶಾಂತವ್ವ ಕಾಗಿನೆಲೆಗೆ ಒಂದು ಮದುವೆಗೆ ಹೋಗಬೇಕಿತ್ತು. ಬೆಳಗಿನ ಕೆಲಸ ಮುಗಿದು ಹೆಂಗಸರು ಮನೆಗೆ ಹೋದರು. ಸಂಜೆಯೊಳಗೆ ಬರುತ್ತೇನೆ, ದನ ಬಾರದಂತೆ ನೋಡಿಕೋ ಎಂದು ಅವಳು ಹೇಳಿದಳು. ನಾಳೆ ಬೆಳಿಗ್ಗೆ ಕಂಪನಿಯ ಸೂಪರ್‌ವೈಸರ್ ಪ್ಲಾಟು ನೋಡಲು ಬರುತ್ತಾರೆ, ಬಿದ್ದ ಕಾಗದ ಒಣಗಿದ ಎಲೆ ಇದ್ದರೆ ಆರಿಸಿಡು ಎಂದೂ ಹೇಳಿದಳು.

ಡಾಕ್ಟರು ರೌಂಡಿಗೆ ಬರುವ ಮುಂಚೆ ವಾರ್ಡು ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ತಾಸಿನಲ್ಲಿ ಕಾಗದ ಆರಿಸಿದೆ, ಎಲೆ ಆರಿಸಿದೆ. ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡೆ. ಆಗ ಆ ದಾರಗಳು ಕಣ್ಣಿಗೆ ಬಿದ್ದವು.

ಮೊದಲೆರಡು ಸಾಲಿನ ಕಾಯಿಗಳು ಚೆನ್ನಾಗಿ ದಪ್ಪವಾಗಿದ್ದವು. ಮಳೆಗೆ ನೆನೆದು, ಮಣ್ಣು ಹತ್ತಿ, ಕೊರಳಿಗೆ ಉರುಳು ಹಾಕಿದಂತೆ ದಾರ ಬಿಗಿದುಕೊಂಡಿತ್ತು. ನನಗೆ ಬಹಳ ಕೆಟ್ಟದೆನಿಸಿತು. ಆಸ್ಪತ್ರೆಯಲ್ಲಿ ಏಳೆಂಟು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಇಲ್ಲಿ ಕೆಲವಕ್ಕೆ ಇಪ್ಪತ್ತು ದಿನವಾಗಿತ್ತು. ಬಾಣಂತಿಯ ಹೊಲಿಗೆಯನ್ನು ಇಪ್ಪತ್ತು ದಿನ ಹಾಗೇ ಬಿಟ್ಟರೆ ದೊಡ್ಡ ಸಿಸ್ಟರ್ ನಮ್ಮನ್ನೇ ಹೊಲಿಯುತ್ತಾರೆ. ಹಳ್ಳಿಯ ಹೆಂಗಸರು, ಕಟ್ಟುವುದು ಗೊತ್ತು, ಬಿಚ್ಚುವುದು ಮರೆತಿದ್ದಾರೆ. ನಾಳೆ ಸಾಹೇಬರು ಇದನ್ನು ನೋಡಿದರೆ ಶಾಂತವ್ವನ ಮಾನ ಏನಾಗಬೇಕು?

ಚೀಲದಲ್ಲಿ ಸಣ್ಣ ಕತ್ತರಿ ಇತ್ತು. ಎದ್ದೆ.

ಊಟಕ್ಕೂ ಕೂರದೆ ಎರಡು ಸಾಲು ಮುಗಿಸಿದೆ. ಒಂದು ಕಾಯಿಗೂ ಗಾಯವಾಗಲಿಲ್ಲ. ತೆಗೆದ ದಾರವನ್ನು ಕೆಳಗೆ ಬಿಡಬಾರದೆಂಬ ಆಸ್ಪತ್ರೆಯ ನಿಯಮದಂತೆ ಎಲ್ಲವನ್ನೂ ಒಂದು ಕ್ಯಾರಿಬ್ಯಾಗಿಗೆ ತುಂಬಿ ಬಾಯಿ ಕಟ್ಟಿದೆ. ಮೂರನೆಯ ಸಾಲಿಗೆ ಕತ್ತರಿ ಹಚ್ಚಬೇಕು ಎನ್ನುವಾಗ ಶಾಂತವ್ವ ಬಂದಳು. ನನಗೆಂದು ಮದುವೆಯ ಲಾಡು ಕಟ್ಟಿಕೊಂಡು ಬಂದಿದ್ದಳು. ಬದುವಿನ ಮೇಲೆ ನಡೆಯುತ್ತ ಬಂದವಳು ಮೊದಲನೇ ಸಾಲಿನ ಹತ್ತಿರ ನಿಂತಳು.

“ಯಕ್ಕಾ, ದಾರ?”

“ಬಿಚ್ಚೇನಿ,” ಎಂದೆ. “ಎಲ್ಲಾ ವಾಸಿ ಆಗ್ಯಾವು.”

ಅವಳು ನೆಲಕ್ಕೆ ಕುಳಿತಳು. ಬಿಸಿಲಿಗೆ ತಲೆ ತಿರುಗಿತೇನೋ ಎಂದು ನಾನು ನೀರಿನ ಬಾಟಲಿ ಕೊಟ್ಟೆ. ಅವಳು ಬಾಟಲಿಯನ್ನು ಬದಿಗಿಟ್ಟು ಒಂದು ಕಾಯಿಯ ತೊಟ್ಟು ಹಿಡಿದು ತೋರಿಸಿದಳು.

“ದಾರ ಇದ್ದದ್ದಷ್ಟ ನಾವು ಕ್ರಾಸ್ ಮಾಡಿದ ಕಾಯಿ, ಯಕ್ಕಾ. ದಾರ ಇಲ್ಲದ್ದು ಯಾರ ಕೂಸೋ, ಯಾರಿಗೆ ಗೊತ್ತು?”

ಬೇರೆ ರೀತಿ ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇನೋ. ಹೀಗೆ ಹೇಳಿದ್ದು ನೆಟ್ಟಗೆ ತಲೆಗೆ ಹೋಯಿತು. ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಕೈಗೆ ತಾಯಿಯ ಹೆಸರಿನ ಪಟ್ಟಿ ಕಟ್ಟುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಪಟ್ಟಿಯನ್ನೂ ಅದಲು ಬದಲು ಮಾಡಿಲ್ಲ. ಇಲ್ಲಿ ಒಂದೇ ಮಧ್ಯಾಹ್ನ ಇಡೀ ವಾರ್ಡಿನ ಪಟ್ಟಿ ಕತ್ತರಿಸಿ, ಚೀಲಕ್ಕೆ ತುಂಬಿ, ಶಾಭಾಸ್ ಎನ್ನಿಸಿಕೊಳ್ಳಲು ನಿಂತಿದ್ದೆ.

ಸಂಜೆಯ ಕೆಲಸಕ್ಕೆ ಹೆಂಗಸರು ಬಂದರು. ರೇಣವ್ವ ಕೂಡ ನಗಲಿಲ್ಲ. ಅವಳು ನಗದಿದ್ದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ಬೆಳಕು ಹರಿಯುವ ಮುಂಚೆ ನಾನೊಂದು ಉಪಾಯ ಮಾಡಿದೆ. ಕ್ಯಾರಿಬ್ಯಾಗು ಹಿಡಿದು ಒಬ್ಬಳೇ ಪ್ಲಾಟಿಗೆ ಹೋಗಿ ದಾರಗಳನ್ನು ಮತ್ತೆ ಕಟ್ಟತೊಡಗಿದೆ. ಬಿಚ್ಚಿದವಳು ನಾನು, ಕಟ್ಟಿದರೆ ಆಯಿತು, ಸೂಪರ್‌ವೈಸರ್ ಏನು ಕನಸು ಕಂಡಿರುತ್ತಾನೆಯೇ. ಮೊದಲ ಸಾಲು ಮುಗಿಯಿತು. ಎರಡನೆಯದು ಮುಗಿಯುತ್ತ ಬಂತು. ಚೀಲಕ್ಕೆ ಕೈ ಹಾಕಿದರೆ ಖಾಲಿ. ದಾರ ಮುಗಿದಿತ್ತು, ಕಾಯಿ ಇನ್ನೂ ಉಳಿದಿದ್ದವು!

ಅಂದರೆ ತಾವೇ ಅರಳಿ, ಹೆಂಗಸರ ಕಣ್ಣು ತಪ್ಪಿಸಿ, ದಾರವಿಲ್ಲದೆ ಬೆಳೆದ ಕಾಯಿಗಳೂ ಆ ಸಾಲಿನಲ್ಲಿದ್ದವು. ಅವು ಯಾವುವು? ಈಗ ಅವಕ್ಕೂ ನನ್ನ ಕೈಯಿಂದಲೇ ದಾರ ಬಿದ್ದಿತ್ತು. ಒಂದೊಂದು ಕಾಯಿಯ ಮುಖ ನೋಡಿದೆ. ಎಲ್ಲವೂ ಬೆಂಡೆಕಾಯಿಯಂತೆಯೇ ಇದ್ದವು.

ಹಿಂದೆ ಶಾಂತವ್ವ ಬಂದು ನಿಂತಿದ್ದಳು. ಹೊಸ ದಾರದ ಉಂಡೆ ಎಲ್ಲಿದೆ ಎಂದು ಕೇಳಿದೆ.

“ಬ್ಯಾಡ ಯಕ್ಕಾ,” ಎಂದಳು. “ಕಟ್ಟಿದ್ರ ಸಾಹೇಬ್ರಿಗೆ ತಿಳಿಯಂಗಿಲ್ಲ ಅಂತನ ಹಿಡಿ. ಈ ಬೀಜ ತಗೊಂಡು ಬಿತ್ತಿದಾಂವಗ ತಿಳಿತೈತಿ. ಬೀಜದ ಚೀಲದ ಚೀಟಿ ಮ್ಯಾಲ ನನ್ನ ಹೆಸರು ಐತಿ.”

ಸೂಪರ್‌ವೈಸರ್ ಮೌಲಾಸಾಬ ಐವತ್ತರ ಮನುಷ್ಯ. ಮೋಟರ್ ಸೈಕಲ್ಲಿನಿಂದ ಅವರು ಇಳಿಯುವ ಮೊದಲೇ ನಾನು ಎದುರು ಹೋಗಿ ನಿಂತೆ. ಶಾಂತವ್ವನಿಗೆ ಬಾಯಿ ತೆರೆಯಲು ಬಿಡಬಾರದೆಂದು ನಿರ್ಧರಿಸಿದ್ದೆ.

“ಸಾಹೇಬ್ರ, ಆಕಿ ಮದವಿಗೆ ಹೋಗಿದ್ಲು. ಎರಡು ಸಾಲಿನ ದಾರ ನಾನ ಬಿಚ್ಚೇನಿ. ಬೆಳಿಗ್ಗೆ ಮತ್ತ ಕಟ್ಟೇನಿ. ಅದೂ ತಪ್ಪಾಗೇತಿ. ಏನ ಮಾಡೂದಿದ್ರೂ ನನಗ ಮಾಡ್ರಿ, ಆಕಿ ಪ್ಲಾಟ್ ಕಸೀಬ್ಯಾಡ್ರಿ.”

ಏಕೆ ಬಿಚ್ಚಿದಿರಿ ಎಂದು ಕೇಳಿದರು. ಹೊಲಿಗೆ, ಏಳನೆಯ ದಿನ, ದೊಡ್ಡ ಸಿಸ್ಟರ್, ಎಲ್ಲವನ್ನೂ ವಿವರಿಸಿದೆ. ಅವರು ಹೆಲ್ಮೆಟ್ ತೆಗೆದು ರಸ್ತೆಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು. ಇಷ್ಟು ದೊಡ್ಡ ಮನುಷ್ಯನನ್ನು ಅಳಿಸಿದೆನಲ್ಲ ಎಂದು ನನಗೆ ಬೇಸರವಾಯಿತು. ಅವರು ಈಚೆ ತಿರುಗಿದಾಗ ನೋಡಿದರೆ ಅಳು ಅಲ್ಲ.

ಆಮೇಲೆ ಎರಡು ಸಾಲಿನಲ್ಲೂ ನಡೆದು ನೋಡಿದರು. ಕತ್ತರಿಸಿ ಕಟ್ಟಿದ ತುಂಡು ದಾರ ನನ್ನ ಕಣ್ಣಿಗೇ ಮೊದಲು ಬಿದ್ದಿದ್ದರೆ ಪ್ಲಾಟನ್ನೇ ರದ್ದು ಮಾಡುತ್ತಿದ್ದೆ ಎಂದರು. ನೀವಾಗಿಯೇ ಹೇಳಿದಿರಿ, ಆದ್ದರಿಂದ ಈ ಎರಡು ಸಾಲಿನ ಕಾಯಿ ಮಾತ್ರ ರದ್ದು. ದೊಡ್ಡದು ಸಣ್ಣದು ಎನ್ನದೆ ಎಲ್ಲವನ್ನೂ ಇವತ್ತೇ ಕಿತ್ತು ಹಾಕಿ, ಗಿಡದಲ್ಲಿ ಇನ್ನೂ ಹೂವು ಬರುತ್ತವೆ, ಹೊಸದಾಗಿ ಕ್ರಾಸ್ ಮಾಡಿ ಎಂದರು. ಉಳಿದ ಸಾಲು ಚೆನ್ನಾಗಿವೆ ಎಂದು ಪುಸ್ತಕದಲ್ಲಿ ಬರೆದುಕೊಂಡರು. ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೋಗುವಾಗ ಅವರು ಗಾಡಿಯ ಮೇಲೆ ಕುಳಿತೇ ಒಂದು ಕರಾರು ಹಾಕಿದರು.

“ಆಯಾಬಾಯಿ ಬದುವಿನ ಆಚಿಗೆ ಇರ್ಲಿ.”

ಎರಡು ಚೀಲ ಕಾಯಿ ಆಯಿತು. ಬಲಿತದ್ದನ್ನು ಎಮ್ಮೆಗೆ ಹಾಕಿದರು. ಎಳೆಯದನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ. ನಮ್ಮ ಮನೆಯವರು ಎಂಟು ದಿನ ಬೆಂಡೆಕಾಯಿಯ ಪಲ್ಯ ಉಂಡರು. ಒಂಬತ್ತನೆಯ ದಿನ, ಮುಂದಿನ ರಜೆಗೆ ಎಲ್ಲಿಗೆ ಹೋಗುವುದಿದ್ದರೂ ಅಲ್ಲಿ ಏನು ಬೆಳೆಯುತ್ತಾರೆಂದು ಮೊದಲೇ ತಿಳಿಸಬೇಕೆಂದು ವಿನಂತಿಸಿಕೊಂಡರು.

ಶಾಂತವ್ವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಆಡಿ, ಸೆಟೆದುಕೊಂಡು ಮನೆಗೆ ಹೋಗಬಹುದಿತ್ತು. ಬೈಯದೇ ಇದ್ದದ್ದರಿಂದ ಸುಗ್ಗಿಯವರೆಗೆ ಎಲ್ಲ ರಜೆಯಲ್ಲೂ ಅಲ್ಲಿಗೇ ಹೋಗಿ ಪುಕ್ಕಟೆ ದುಡಿಯಬೇಕಾಯಿತು. ಬದುವಿನ ಆಚೆ ಕುಳಿತು ಕೆಂಪು ಟೊಪ್ಪಿಗೆ ಮಡಚಿದೆ, ಚಹಾ ಕಾಸಿದೆ. ಹೋಗಿ ಬರುವ ಬಸ್ಸಿಗೆ ಮಾತ್ರ ದುಡ್ಡು ಕೊಡಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆಗಿದ್ದೊಂದೇ ಆ ರಜೆಗಳಲ್ಲಿ ನನಗಾದ ಆದಾಯ.

ಬೀಜ ಪಾಸಾಯಿತು. ಈ ವರ್ಷ ಶಾಂತವ್ವನಿಗೆ ಒಂದು ಎಕರೆ ಕೊಟ್ಟಿದ್ದಾರೆ, ಅವಳ ಹೆಸರಿಗೇ. ನನಗೆ ಫೋನು ಮಾಡಿ ಹೇಳಿದಳು. ಬಾ ಎನ್ನಲಿಲ್ಲ.

ಆದರೆ ಮೌಲಾಸಾಬರು ಸುಮ್ಮನಿರುವ ಪೈಕಿ ಅಲ್ಲ. ಹೊಸ ಆಳುಗಳಿಗೆ ಕೆಲಸ ಕಲಿಸುವಾಗ ಊರೂರಿನಲ್ಲಿ ನನ್ನ ಕಥೆಯನ್ನೇ ಹೇಳುತ್ತಾರಂತೆ. ಮೊನ್ನೆ ವಾರ್ಡಿನಲ್ಲಿ ಎರೆದು ತಂದ ಕೂಸನ್ನು ಒಬ್ಬ ಬಾಣಂತಿಯ ಪಕ್ಕ ಮಲಗಿಸುತ್ತಿದ್ದೆ. ಹಳ್ಳಿಯವಳು, ಆಪರೇಷನ್ ಆಗಿತ್ತು. ಮೆಲ್ಲಗೆ ನನ್ನ ಸೆರಗು ಹಿಡಿದಳು.

“ಅಜ್ಜಿ, ಬೆಂಡಿಕಾಯಿ ಹೊಲಿಗಿ ಬಿಚ್ಚಿದ ಆಯಾ ಇದ ಆಸ್ಪತ್ರ್ಯಾಗ ಅದಾಳಂತ, ಖರೇ ಏನ್ರಿ?”

“ಅದಾಳ,” ಎಂದೆ. “ಆಕಿ ರಾತ್ರಿ ಪಾಳಿಯಾಕಿ.”

ಅವಳಿಗೆ ಸಮಾಧಾನವಾಯಿತು. ಆಕೆ ಬಂದರೆ ನನ್ನ ಹತ್ತಿರ ಬಿಡಬೇಡಿ ಎಂದು ಬೇಡಿಕೊಂಡಳು. ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಮರುದಿನದಿಂದ ನನಗೆ ಎರಡು ದಿನ ರಜೆ. ರಜೆ ಮುಗಿಸಿ ಎಂಟು ಗಂಟೆಗೆ ರಾತ್ರಿ ಪಾಳಿಗೆ ವಾರ್ಡಿನ ಬಾಗಿಲು ತೆರೆದೆ. ಅವಳಿಗೆ ಇನ್ನೂ ಡಿಸ್ಚಾರ್ಜ್ ಆಗಿರಲಿಲ್ಲ. ನನ್ನನ್ನು ಒಂದು ಸಲ ನೋಡಿದಳು, ಗೋಡೆಯ ಗಡಿಯಾರವನ್ನು ಒಂದು ಸಲ ನೋಡಿದಳು, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು.