ಕಸರಾನಿ ಟ್ರ್ಯಾಕಿನ ಪ್ರದಕ್ಷಿಣೆ

ವಿಘ್ನಗಳನ್ನು ಒಡ್ಡುವವನೂ ನೀನೇ, ತೆಗೆಯುವವನೂ ನೀನೇ; ಎರಡರ ನಡುವಿನ ಹೊತ್ತಿಗೆ ತಾಳ್ಮೆ ಕರುಣಿಸುವವನೂ ನೀನೇ. ಗಜಮುಖನೇ, ನಿನ್ನ ಪಾದಕ್ಕೆ ಮಣಿದು ಈ ಕಥೆ ಮೊದಲಾಗುತ್ತದೆ.

ಸ್ಟಾಕ್ ಕಾರ್ ಓಟವೆಂಬುದು ಅಂಡಾಕಾರದ ಟ್ರ್ಯಾಕಿನಲ್ಲಿ ಸದಾ ಎಡಕ್ಕೇ ತಿರುಗುತ್ತ, ಹೊರಟ ಜಾಗಕ್ಕೇ ಮತ್ತೆ ಮತ್ತೆ ಬಂದು ಸೇರುವ ಕ್ರೀಡೆ. ನೈರೋಬಿಯಲ್ಲೂ ೨೦೧೪ರ ಗಣೇಶ ಚೌತಿಯವರೆಗೆ ಅದು ಹೀಗೆಯೇ ಇತ್ತು.

ಊರಂಚಿನ ಕಸರಾನಿ ಬಡಾವಣೆಯ ಆಚೆಗಿನ ಟ್ರ್ಯಾಕಿನಲ್ಲಿ ಆಗ ಅಮೋಘ್ ಎಂಬ ವೃತ್ತಿಪರ ಚಾಲಕನಿದ್ದ. ಬೆಂಗಳೂರಿನಿಂದ ಟೆಲಿಕಾಂ ಕಂಪನಿ ಕಳಿಸಿತ್ತು. ಬಂದವನು ಕಂಪನಿ ಬಿಟ್ಟು ಸ್ಟೀರಿಂಗ್ ಹಿಡಿದ. ವೇಗದಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಕಾರು ಮಾತ್ರ ಅವನದಲ್ಲ, ಅಲ್ಲಿನ ಕನ್ನಡ ಮಿತ್ರಮಂಡಳಿಯದು. ಅದರ ಬಾನೆಟ್ಟಿನ ಮೇಲೆ ಮಂಡಳಿಯ ಹೆಸರು ಸಣ್ಣದಾಗಿಯೂ ಅಧ್ಯಕ್ಷ ರಮಾನಂದರ ಭಾವಚಿತ್ರ ದೊಡ್ಡದಾಗಿಯೂ ಇತ್ತು. ಎಷ್ಟಾದರೂ ರಮಾನಂದರು ಬ್ಯಾಂಕಿನ ದೊಡ್ಡ ಅಧಿಕಾರಿ, ಸಿರಿವಂತರ ಬಡಾವಣೆ ರುಂಡಾದಲ್ಲಿ ಬಂಗಲೆ ಇರುವವರು.

ಆ ಚೌತಿಗೆ ಹಾಲ್ ಸಿಗಲಿಲ್ಲ. ಪ್ರಾಯೋಜಕರೆಂಬ ಸಲುಗೆಯಿಂದ ರಮಾನಂದರು ಟ್ರ್ಯಾಕಿನ ನಡುವಣ ಹುಲ್ಲಿನಲ್ಲೇ ಗಣಪತಿ ಕೂರಿಸಿದರು. ವಿಸರ್ಜನೆಗೆ ಅನುಮತಿ ಕೇಳಿದಾಗ ಸಂಬಂಧಪಟ್ಟ ಕಚೇರಿ ಬಹಳ ವಿನಯದಿಂದ ಹೀಗೆ ತಿಳಿಸಿತು: "ನೀರಿಗೆ ವಸ್ತುಗಳನ್ನು ಬಿಡುವ ಅರ್ಜಿಗಳನ್ನು ಮಾತ್ರ ಈ ವಿಭಾಗವು ಪರಿಶೀಲಿಸುತ್ತದೆ. ದೇವರನ್ನು ವಸ್ತುವೆಂದು ಪರಿಗಣಿಸುವ ಅಧಿಕಾರ ನಮಗಿಲ್ಲ. ದೇವರುಗಳ ವಿಭಾಗವು ಇನ್ನೂ ರಚನೆಯಾಗಬೇಕಿದೆ." ಹಾಗಾಗಿ ಸ್ವಾಮಿ ಅಲ್ಲೇ ಕುಳಿತ, ಪ್ರಸನ್ನವದನನಾಗಿ.

ಒಂದು ಭಾನುವಾರ ಮಂಗಳಾರತಿ ನಡೆದಿತ್ತು. ಆರತಿ ಎತ್ತಿದವನು ನರಸಿಂಹ, ವಾರವಿಡೀ ಸರ್ವರ್ ನೋಡಿಕೊಂಡು ವಾರಾಂತ್ಯಕ್ಕೆ ಪೌರೋಹಿತ್ಯ ಮಾಡುವ ಇಂಜಿನಿಯರು. ಸುತ್ತಲೂ ಅಮೋಘ್ ಅಭ್ಯಾಸದ ಸುತ್ತು ಹೊಡೆಯುತ್ತಿದ್ದ. ನರಸಿಂಹನ ಕೈ ಅರ್ಧಕ್ಕೇ ನಿಂತಿತು.

"ಅಧ್ಯಕ್ಷರೇ, ಇವ್ನು ಅಪ್ರದಕ್ಷಿಣೆ ಹಾಕ್ತಿದಾನಲ್ರೀ! ಎಡಗಡೆಗೆ ದೇವ್ರು! ನಮ್ಮ ಮನೇಲಿ ಆ ದಿಕ್ಕು ಹಿಡಿಯೋದು ಯಾರಾದ್ರೂ ತೀರ್ಕೊಂಡಾಗ ಮಾತ್ರ."

"ಅಯ್ಯೋ, ಬಾನೆಟ್ ಮೇಲೆ ನಾನಿದೀನಲ್ಲೋ!" ಎಂದು ರಮಾನಂದರು ಬೆವರಿದರು.

ಅಂದೇ ಮಂಡಳಿ ಠರಾವು ಮಾಡಿತು: ಅಮೋಘ್ ಇನ್ನು ಬಲಸುತ್ತು ಹಾಕತಕ್ಕದ್ದು. ಉಳಿದ ಚಾಲಕರು ಅನ್ಯಮತದವರಾದ್ದರಿಂದ ಅವರಿಗೆ ದೋಷವಿಲ್ಲ.

"ಸಾರ್, ಎಲ್ಲರಿಗೂ ಎದುರಾಗಿ ಹೋಗ್ಬೇಕಾಗತ್ತೆ," ಎಂದ ಅಮೋಘ್.

"ಹೋಗಪ್ಪಾ. ದೇವರಿದಾನೆ."

"ಇದಾನೆ ಸಾರ್, ನಡುವಲ್ಲಿ. ನಾನಿರೋದು ರಸ್ತೇಲಿ."

ಓಟ ಸಮಿತಿಯ ಕಾರ್ಯದರ್ಶಿ ವಿನ್ಸೆಂಟ್ ಅಪ್ಪರ್ ಹಿಲ್‌ನ ಕಚೇರಿಯಲ್ಲಿ ವಿಷಯವನ್ನೂ ಪ್ರಾಯೋಜಕರ ಚೆಕ್ಕನ್ನೂ ಒಟ್ಟಿಗೇ ಪರಿಶೀಲಿಸಿದ. "ಸೀಸನ್ ಮುಗಿಯುವವರೆಗೆ ಪ್ರಾಯೋಜಕರ ದೇವರೇ ನಮ್ಮ ದೇವರು," ಎಂದು ಭಕ್ತಿಯಿಂದ ನುಡಿದ. ಮರುದಿನ ಪ್ರಕಟಣೆ ಬಂತು: "ಶ್ರದ್ಧೆಯ ನಿಮಿತ್ತ ಎದುರು ದಿಕ್ಕಿನಲ್ಲಿ ಓಡಿಸಬಯಸುವವರು ಓಡಿಸಬಹುದು. ತಿರುವುಗಳಲ್ಲಿ ಹಾರ್ನ್ ಮಾಡತಕ್ಕದ್ದು. ಇಂಥ ಪ್ರತಿ ಸುತ್ತನ್ನೂ ಚಾಲಕನ ಒಟ್ಟು ಸುತ್ತುಗಳಿಂದ ಕಳೆಯತಕ್ಕದ್ದು."

ಮುಂದಿನ ಓಟದಲ್ಲಿ ಅಮೋಘ್ ಎಲ್ಲರನ್ನೂ ಮುಖಾಮುಖಿ ಭೇಟಿಯಾದ. ಸ್ವಾಮಿಯ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ. ಕನ್ನಡಿಗೆ ಕನ್ನಡಿ ಉಜ್ಜಿಕೊಂಡು ಹೋಗುವಾಗ ಪೀಟರ್ ಎಂಬ ಚಾಲಕ ಎಲ್ಲ ಸರಿಯೇ ಎಂಬರ್ಥದಲ್ಲಿ, ಸ್ವಾಹಿಲಿಯಲ್ಲಿ, "ಸವಾ?" ಎಂದು ಕಿರುಚಿದ. "ಸವಾ, ಸವಾ," ಎಂದ ಅಮೋಘ್. ಇಬ್ಬರಿಗೂ ಏನೂ ಸವಾ ಆಗಿರಲಿಲ್ಲ. ಕೊನೆಗೆ ಲೆಕ್ಕ ಹಾಕಿದಾಗ, ಬೆಳಿಗ್ಗೆಯಿಂದ ಸ್ಟಾರ್ಟೇ ಆಗದೆ ನಿಂತಿದ್ದ ಕಾರೊಂದು ಅಮೋಘನಿಗಿಂತ ಬಹಳ ಮುಂದಿತ್ತು.

ವಿನ್ಸೆಂಟ್ ವಿಷಾದದಿಂದಲೇ ಹೇಳಿದ: ಫೈನಲ್ ಓಟವನ್ನು ಪೂರೈಸದಿದ್ದರೆ ವೃತ್ತಿಪರ ಲೈಸೆನ್ಸ್ ರದ್ದು. ರಮಾನಂದರು ಪ್ರೀತಿಯಿಂದಲೇ ಹೇಳಿದರು: ಎಡಸುತ್ತು ಹಾಕಿದರೆ ಕಾರು ವಾಪಸ್.

ಮನೆಯಲ್ಲಿ ಹೆಂಡತಿ ಮೈಥಿಲಿ ತಟ್ಟೆಗೆ ಉಗಾಲಿ, ಅಂದರೆ ಅಲ್ಲಿನ ಮೆಕ್ಕೆಜೋಳದ ಮುದ್ದೆ, ಬಡಿಸಿ ಮೇಲೆ ಸಾರು ಸುರಿದಳು.

"ಕೆಲ್ಸ ಬಿಡ್ತೀನಿ ಅಂದೆ, ಬಿಡು ಅಂದೆ. ಕಾರ್ ಓಡಿಸ್ತೀನಿ ಅಂದೆ, ಓಡಿಸು ಅಂದೆ. ನೀನು ಮೈನಸ್ಸಿಗೆ ಹೋಗ್ತೀಯ ಅಂತ ಮಾತ್ರ ನಾನು ಅಂದ್ಕೊಂಡಿರ್ಲಿಲ್ಲ ಕಣೋ."

"ಲೈಸೆನ್ಸ್ ಹೋದ್ರೆ ಮತ್ತೆ ಟವರ್ ಲೆಕ್ಕ ಹಾಕ್ತಾ ಕೂರ್ಬೇಕು ಮೈಥಿಲಿ. ಒಂದು ಸಲ, ನನ್ನ ಕೈಲಿ ಎಷ್ಟು ವೇಗ ಇದೆಯೋ ಅಷ್ಟೂ ಓಡಿಸಿ ಗೆದ್ಬಿಟ್ರೆ ಸಾಕು. ಇನ್ನೇನೂ ಬೇಡ."

"ಹಾಗಾದ್ರೆ ನನ್ನ ಹತ್ರ ಯಾಕೆ ಅಳ್ತೀಯ? ದೋಷ ಹುಡುಕಿದ ನರಸಿಂಹನ್ನೇ ಕೇಳು. ಪರಿಹಾರಾನೂ ಅವನ ಹತ್ರಾನೇ ಇರತ್ತೆ."

ನರಸಿಂಹ ಮೇಜಿನ ಮೇಲೆ ತೆಂಗಿನಕಾಯಿ ಇಟ್ಟು, ಮೊಬೈಲನ್ನು ಕಾರಿನಂತೆ ಅದರ ಸುತ್ತ ಸರಿಸಿದ. ಹೀಗೆ ಸರಿಸಿದ, ಹಾಗೆ ಸರಿಸಿದ. ಕೊನೆಗೆ ಕಣ್ಮುಚ್ಚಿ ನಕ್ಕ.

"ಬಲಭಾಗ ದೇವರ ಕಡೆ ಇರ್ಬೇಕು ಅನ್ನತ್ತೆ ಶಾಸ್ತ್ರ. ಯಾವ ಗೇರಲ್ಲಿರ್ಬೇಕು ಅಂತ ಎಲ್ಲೂ ಹೇಳಿಲ್ಲ. ರಿವರ್ಸಲ್ಲಿ ಹೋಗು. ಸುತ್ತು ಅವರ ದಿಕ್ಕಿಗೆ, ಬಲಭಾಗ ದೇವರಿಗೆ."

ರಮಾನಂದರು ತಕ್ಷಣ ಒಪ್ಪಿದರು. ಹಿಂದೆ ಬರುವವರಿಗೆಲ್ಲ ಇಡೀ ಓಟ ತಮ್ಮ ಭಾವಚಿತ್ರವೇ ಕಾಣುತ್ತದೆಂದು ಅವರಿಗೆ ಹೊಳೆದಿತ್ತು. ವಿನ್ಸೆಂಟ್ ತೀರ್ಪಿತ್ತ: "ಕಾರು ಎತ್ತ ಹೋಗುತ್ತದೆ ಎಂಬುದು ಸಮಿತಿಯ ವಿಷಯ. ಮುಖ ಎತ್ತ ಎಂಬುದು ಚಾಲಕನ ಖಾಸಗಿ ವಿಷಯ. ಆದರೆ ಹಿಮ್ಮುಖ ವಾಹನವನ್ನು, ಸುರಕ್ಷತೆಯ ದೃಷ್ಟಿಯಿಂದ, ಎಲ್ಲರಿಗಿಂತ ಮುಂದೆ ನಿಲ್ಲಿಸತಕ್ಕದ್ದು."

ಮೆಕ್ಯಾನಿಕ್ ಆಲ್ಫ್ರೆಡ್ ಒಬ್ಬನೇ ತಲೆ ಕೆರೆದುಕೊಂಡ. "ಬ್ವಾನಾ, ಈ ಗೇರು ಮಾಡಿರೋದು ಪಾರ್ಕಿಂಗಿಂದ ಹೊರಗೆ ಬರೋಕೆ."

ಫೈನಲ್ ದಿನ ಧ್ವಜ ಬಿತ್ತು. ಅಮೋಘ್ ಕತ್ತು ತಿರುಗಿಸಿ, ಗೇರು ಗೋಳಿಡುವಂತೆ, ಎಮ್ಮೆಗಾಡಿಯ ವೇಗದಲ್ಲಿ ಹೊರಟ. ಹಿಂದಿನವರು ನುಗ್ಗಿ ಬಂದರು. ಬಂದವರಿಗೆ ಕಂಡದ್ದು ತಮ್ಮತ್ತಲೇ ಉರಿಯುವ ಹೆಡ್‌ಲೈಟು, ನಡುವೆ ಕೈಮುಗಿದ ರಮಾನಂದರು. ಹಿಂದಿನ ಓಟ ಎಲ್ಲರಿಗೂ ನೆನಪಿತ್ತು.

"ಅಮೋಘ್ ಮತ್ತೆ ಎದುರು ಬರ್ತಿದಾನೆ!" ಎಂದು ಪೀಟರ್ ಬ್ರೇಕ್ ಒತ್ತಿದ. ಅವನ ಹಿಂದಿನವರೂ ಒತ್ತಿದರು. ಮತ್ತೆ ಹತ್ತಿರ ಬರುವರು, ಮತ್ತೆ ಹೆದರುವರು. ಸುತ್ತಿನ ಮೇಲೆ ಸುತ್ತು, ಓಟ ಮುಗಿಯುವವರೆಗೂ ಒಬ್ಬನೂ ಆ ಕಾರನ್ನು ದಾಟಲಿಲ್ಲ.

ಹೀಗೆ ಅಮೋಘ್ ಚಾಂಪಿಯನ್ ಆದ. ಲೈಸೆನ್ಸ್ ಉಳಿಯಿತು. ಮೈಥಿಲಿ ಅತ್ತಳು, ರಮಾನಂದರು ಭಾಷಣ ಮಾಡಿದರು.

ಹಾರ ಹಾಕಿಸಿಕೊಂಡು, ವಾಲಿದ ಕತ್ತಿನಲ್ಲೇ ಅಮೋಘ್ ವಿನ್ಸೆಂಟನ ಬಳಿ ಹೋದ. "ಮುಂದಿನ ವರ್ಷ ಬೇರೆ ಪ್ರಾಯೋಜಕರನ್ನ ಹುಡುಕ್ತೀನಿ. ನೆಟ್ಟಗೆ ಮುಂದಕ್ಕೆ ಓಡಿಸ್ತೀನಿ. ನನ್ನ ನಿಜವಾದ ವೇಗ ನೀವು ನೋಡೇ ಇಲ್ಲ."

ವಿನ್ಸೆಂಟ್ ಅವನ ಹೆಗಲ ಮೇಲೆ ಕೈಯಿಟ್ಟ. "ಮುಂದಕ್ಕಾ? ಸಮಿತಿ ಈಗತಾನೇ ನಿರ್ಧರಿಸಿದೆ. ಇಷ್ಟು ಸುರಕ್ಷಿತವಾದ ಓಟ ಹಿಂದೆಂದೂ ನಡೆದಿಲ್ಲ. ಇನ್ನು ವೃತ್ತಿಪರರಿಗೆಲ್ಲ ಹಿಮ್ಮುಖವೇ. ಮುಂದಕ್ಕೆ ಓಡಿಸುವುದು ಹವ್ಯಾಸಿಗಳಿಗೆ."

ಅಮೋಘ್ ಟ್ರ್ಯಾಕಿನತ್ತ ನೋಡಿದ. ಪೀಟರ್ ಆಗಲೇ ಕತ್ತು ತಿರುಗಿಸಿ ಅಭ್ಯಾಸಕ್ಕಿಳಿದಿದ್ದ. ಆಲ್ಫ್ರೆಡ್ ಸಾಲಾಗಿ ನಿಂತ ಕಾರುಗಳಿಂದ ಒಂದೊಂದಾಗಿ ಮುಂದಿನ ಗೇರುಗಳನ್ನು ಬಿಚ್ಚುತ್ತಿದ್ದ.

"ವೃತ್ತಿಪರನಾಗಿರೋಕೆ ಇದೊಂದೇ ದಾರೀನಾ?"

"ಒಂದೇ," ಎಂದ ವಿನ್ಸೆಂಟ್, ಅಕ್ಕರೆಯಿಂದ.

"ಹಾಗಾದ್ರೆ ಸವಾ," ಎಂದು ಅಮೋಘ್ ಹೋಗಿ ಸಾಲಿನಲ್ಲಿ ನಿಂತ.

ಈ ಕಥೆಗೆ ಕಿವಿಗೊಟ್ಟ ಪುಣ್ಯವಂತರೇ, ನಿಮ್ಮ ಕತ್ತು ನೋಯದಿರಲಿ. ನಿಮ್ಮ ಅರ್ಜಿಗಳಿಗೆ ತಕ್ಕ ವಿಭಾಗ ಬೇಗ ರಚನೆಯಾಗಲಿ. ಮುಖ ಎತ್ತಲೇ ಇರಲಿ, ಹೊರಟವರೆಲ್ಲ ಸುಖವಾಗಿ ಮನೆ ಸೇರಲಿ.