ಇಪ್ಪತ್ತೈದು ವರ್ಷದ ಕರೆಂಟು

ಕೆಲವರಿಗೆ ಆನೆ ಕಂಡರೆ ಭಯ, ಕೆಲವರಿಗೆ ಹಲ್ಲಿನ ಡಾಕ್ಟರ ಕುರ್ಚಿ ಕಂಡರೆ. ನನಗೆ 'ಇಲ್ಲಿ ಸಹಿ ಮಾಡಿ' ಎಂದು ಯಾರಾದರೂ ಬೆರಳು ತೋರಿಸಿದರೆ ಸಾಕು, ಅಂಗೈ ಬೆವರುತ್ತದೆ. ಕೊರಿಯರ್‌ನವರು ಬಂದರೂ ಒಳಗೇನಿದೆ ಎಂದು ವಿಚಾರಣೆ ನಡೆಸಿಯೇ ಪೆನ್ನು ಹಿಡಿಯುವವನು ನಾನು. ಇಂಥವನನ್ನು ರೈಲ್ವೆಯಲ್ಲಿ ಕರೆಂಟು ಖರೀದಿಸುವ ವಿಭಾಗಕ್ಕೆ ಹಾಕಿದರು. ರೈಲು ಓಡಿಸಲು ಒಂದು ಸೋಲಾರ್ ಕಂಪನಿಯಿಂದ ಇಪ್ಪತ್ತೈದು ವರ್ಷ ಕರೆಂಟು ಕೊಳ್ಳುವ ಕರಾರಿನ ಕರಡು ನನ್ನ ಮೇಜಿಗೆ ಬಂತು. ಇಪ್ಪತ್ತೈದು ವರ್ಷ! ನನ್ನ ಸ್ವಂತ ಮೊಣಕಾಲಿನ ಮೇಲೂ ನನಗೆ ಅಷ್ಟು ಭರವಸೆಯಿಲ್ಲ.

"ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಪಿಕೊಂಡ್ರಿ. ಕರೆಂಟಿಗೆ ಇಷ್ಟೊಂದು ಯೋಚನೆನಾ?" ಎಂದಳು ಹೆಂಡತಿ ಸುಧಾ. "ನೀನು ಮುನಿಸಿಕೊಂಡರೆ ರೈಲು ನಿಲ್ಲಲ್ವಲ್ಲ" ಎಂದೆ. ಅವತ್ತು ಕಾಫಿ ಸಿಗಲಿಲ್ಲ.

ನಿದ್ದೆಯೂ ಸಿಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಒಂದೇ ಕನಸು. ಎಲ್ಲೋ ಒಂದು ಮೋಡ ಅಡ್ಡ ಬಂದು ಕೆ.ಆರ್. ನಗರದಿಂದ ಹೊರಟ ರೈಲು ಗದ್ದೆ ನಡುವೆ ನಿಂತುಬಿಟ್ಟಿದೆ. ಜನ ಬ್ಯಾಗು ಹೊತ್ತು ಹಳಿಯ ಮೇಲೆ ನಡೆಯುತ್ತ ನನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ. ಭಯ ತಡೆಯಲಾರದೆ, ಪ್ಯಾನೆಲ್ ಹಾಕುವ ಜಮೀನಾದರೂ ನಿಜವಾಗಿ ಇದೆಯೇ ನೋಡೋಣವೆಂದು ಕಂಪನಿಯ ಮ್ಯಾನೇಜರರ ಜೊತೆ ಹಂಪಾಪುರದ ಕಡೆ ಹೋದೆ.

ಜಮೀನು ಇತ್ತು. ಅದರ ಯಜಮಾನಿ ಪುಟ್ಟಮ್ಮನವರೂ ಬದುವಿನ ಮೇಲೆ ಕೂತಿದ್ದರು. ಕಂಪನಿಯ ಗುತ್ತಿಗೆ ಕಾಗದಕ್ಕೆ ಮಾತ್ರ ಅವರ ಸಹಿ ಇನ್ನೂ ಬಿದ್ದಿರಲಿಲ್ಲ.

"ಅಮ್ಮ, ಜಮೀನು ಕೊಡೋದು ಖಾತ್ರಿನಾ?" ಎಂದೆ.

"ನೀವು ಕರೆಂಟ್ ತಗಳಾದು ಖಾತ್ರಿನಾ ಸ್ವಾಮಿ? ಮೊದ್ಲು ನೀವು ಸೈನ್ ಆಕಿ, ಆಮೇಕೆ ನಾನು."

"ನೀವು ಹಾಕಿದ್ರೆ ನಾನು ಹಾಕ್ತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮ್ಯಾನೇಜರು ಕರ್ಚೀಫು ತೆಗೆದರು. ಪುಟ್ಟಮ್ಮ ಮೆಲ್ಲಗೆ, "ನಿಮ್ಗೂ ಭಯವಾ?" ಎಂದರು. ಅಧಿಕಾರಿಯ ಗತ್ತು ಬಿಟ್ಟು ಕನಸನ್ನೆಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. "ದಿಟವಾಗ್ಲೂ ಮೋಡ ಕವುದ್ರೆ ಏನ್ ಮಾಡ್ತೀರಿ?" ಎಂದು ಮ್ಯಾನೇಜರರ ಕಡೆ ತಿರುಗಿದರು.

"ಬೇರೆ ಕಡೆಯಿಂದ ಕೊಂಡು ಕೊಡ್ತೀವಮ್ಮ."

"ಅದು ಕರಡಿನಲ್ಲಿ ಇಲ್ವಲ್ಲ" ಎಂದೆ. ಚೀಲದಿಂದ ಕರಡು ತೆಗೆದು ಪುಟ ತಿರುವಿ ತೋರಿಸಿದೆ.

"ನೀವು ಅಂಗಡಿ ಮುಚ್ಕಂಡ್ ಓದ್ರೆ ನನ್ ವಲ್ದಲ್ಲಿ ನೆಟ್ಟಿರೋ ಪ್ಯಾನೆಲ್ ಕಂಬ ಯಾರು ಕೀಳಾದು? ಅದೂ ನನ್ ಕಾಗ್ದದಲ್ಲಿ ಇಲ್ಲ ಕಣಪ್ಪ" ಎಂದರು ಪುಟ್ಟಮ್ಮ.

ಮ್ಯಾನೇಜರು ಅಲ್ಲೇ ನಿಂತು ಮೇಲಿನವರಿಗೆ ಫೋನು ಮಾಡಿದರು. ಎರಡನ್ನೂ ಬರೆದುಕೊಡಲು ಕಂಪನಿ ಒಪ್ಪಿತು. "ಅರ್ಧ ಭಯ ಓಯ್ತು. ಮಿಕ್ಕಿದ್ದ ಇಬ್ರೂ ಅಂಚ್ಕಳವ ಬುಡಿ" ಎಂದು ಪುಟ್ಟಮ್ಮ ಎದ್ದು ಸೀರೆ ಕೊಡವಿಕೊಂಡರು.

ಕಾಗದಗಳು ತಿದ್ದಿ ಬಂದವು. ಅವರು ಸಹಿ ಹಾಕಿದರು. ಹಿಂದೆಯೇ ಕಣ್ಣು ಮುಚ್ಚಿಕೊಂಡು ನಾನೂ ಹಾಕಿದೆ. ಮೇಲಧಿಕಾರಿ ಕರೆದು ಬೆನ್ನು ತಟ್ಟಿದರು. "ಕಂಪನಿಯವರನ್ನ ಬಗ್ಗಿಸಿಬಿಟ್ರಂತೆ! ಇಂಥ ಧೈರ್ಯ ಇರೋರು ನಮ್ಮಲ್ಲಿ ಕಡಿಮೆ ಕಣ್ರೀ. ಇನ್ನುಮುಂದೆ ಇಂಥ ಕರಾರೆಲ್ಲ ನಿಮ್ಮ ಕೈಲೇ ಇರಲಿ."

ಬೇಡ ಸಾರ್ ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಭಯವಾಗಿ, "ಆಗಲಿ ಸಾರ್" ಎಂದುಬಿಟ್ಟೆ.